ಕುಂತ ನಾಯಿ

ಅಂಜನಾಬಾಯಿ ಮೂರನೆಯ ರೊಟ್ಟಿ ಬಡಿಯುತ್ತಿದ್ದಾಗ ನೂರಿ ಒಳಗೆ ಬಂದಳು. ನೂರಿ ಎಂದರೆ ಹತ್ತು ವರ್ಷದ ಕರಿ ನಾಯಿ. ಅವಳನ್ನು ಸಾಕಿದ ನಾಗನಾಥ ಎಂದೂ "ಅದು" ಅಂದವನಲ್ಲ, ಹಾಗಾಗಿ ನಾವೂ ಅನ್ನುವುದು ಬೇಡ. ಬಂದವಳು ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ನೇರ ಪಡಸಾಲೆಯ ಮೂಲೆಗೆ, ಗೋಡೆಯ ಗೂಡಿನಂಥ ಬೀರಪ್ಪನ ಮಾಡದ ಮುಂದೆ ಹೋಗಿ, ಒಂದು ಸಲ ಮೂಸಿ, ಹಿಂಗಾಲು ಮಡಚಿ ಕೂತುಬಿಟ್ಟಳು. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ. ಮಾಡದೊಳಗೆ ಭಂಡಾರದ ಅರಿಸಿನ ಬಳಿದ ದೇವರು, ಅದರ ಪಕ್ಕದಲ್ಲಿ ಕಂಬಳಿ ಹೊದಿಸಿದ ಡೊಳ್ಳು. ಗುಡಿಯ ಮುಂದಿನ ಬಸವಣ್ಣನ ಹಾಗೆ ಅದನ್ನೇ ನೋಡುತ್ತ ಕೂತಳು.

"ನೋಡೋ ನಾಗ್ಯಾ, ನಮ್ಮ ನೂರವ್ವಗ ಎಷ್ಟ ಭಕ್ತಿ ಅದ! ನೀವಿಬ್ಬರು ಅಣ್ಣತಮ್ಮರು ದಿನಾ ದೇವರಿಗಿ ಕೈ ಮುಗೀತೀರೋ ಇಲ್ಲೋ, ಈಕಿ ಮಾತ್ರ ತಪ್ಪಸೂದಿಲ್ಲ," ಎಂದು ಅಂಜನಾಬಾಯಿ ಬಿಸಿ ರೊಟ್ಟಿಯ ಅರ್ಧ ಮುರಿದು ನಾಯಿಯ ಮುಂದೆ ಹಿಡಿದಳು. ಮಿಲಿಟರಿಯ ನೂರಿ ಈ ಮನೆಗೆ ಬಂದ ಮೂರನೆಯ ದಿನಕ್ಕೇ ನೂರವ್ವ ಆಗಿದ್ದಳು.

"ಅವ್ವಾ, ಕುಂತಾಗೆಲ್ಲಾ ರೊಟ್ಟಿ ಕೊಡಬ್ಯಾಡ. ಆಕಿ ಕೂಡೂದಕ್ಕ ಬ್ಯಾರೇ ಅರ್ಥ ಅದ."

"ಕೂಡೂದಕ್ಕ ಏನೋ ಅರ್ಥ? ಕಾಲು ನೊಂದಾವ, ಕುಂತದ," ಎಂದಳು ತಾಯಿ. ನಾಗನಾಥ ನಕ್ಕ. ಹದಿನೇಳು ವರ್ಷ ಫೌಜಿನಲ್ಲಿದ್ದು ಬಂದ ಮಗನ ಮೇಲೆ ತಾಯಿಗೆ ಎಷ್ಟು ಪ್ರೀತಿಯೋ, ಅವನ ನಾಯಿಯ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚು. ಅದಕ್ಕೆ ಅಡ್ಡ ಬರುವುದು ಹೇಗೆ?

ಕೂಡುವುದಕ್ಕೆ ಅರ್ಥವಿತ್ತು. ನೂರಿ ಸ್ಫೋಟಕ ಹುಡುಕುವ ನಾಯಿ. ಮೇರಠದ ಫೌಜಿನ ನಾಯಿಶಾಲೆಯ ತರಬೇತಿಯಲ್ಲಿ ಅವಳಿಗೆ ಕಲಿಸಿದ್ದು ಒಂದೇ ಮಾತು: ಮದ್ದಿನ ವಾಸನೆ ಸಿಕ್ಕರೆ ಬೊಗಳಬಾರದು, ಕೆರೆಯಬಾರದು, ಮುಟ್ಟಬಾರದು, ಸುಮ್ಮನೆ ಕೂಡಬೇಕು. ಕೂತರೆ ನಾಗನಾಥ "ಶಾಬಾಶ್" ಅನ್ನುತ್ತಿದ್ದ, ಕಿಸೆಯಿಂದ ಕೆಂಪು ಚೆಂಡು ತೆಗೆಯುತ್ತಿದ್ದ. ಒಮ್ಮೆ ಗುಡ್ಡದ ರಸ್ತೆಯಲ್ಲಿ ಏನೂ ಇಲ್ಲದ ಬರಿಯ ನೆಲದ ಮುಂದೆ ಅವಳು ಕೂತಿದ್ದಳು. ಹಿಂದೆ ಗಾಡಿಗಳ ಸಾಲು ನಿಂತಿತ್ತು. ಮುಂದೆ ನಡೆ ಎಂದು ಮೇಲಿನವರು ಗದರಿದಾಗ ನಾಗನಾಥ, "ಸಾಬ್, ಅವಳು ಕೂತಿದ್ದಾಳೆ" ಅಂದದ್ದು ಇಷ್ಟೇ. ಎರಡು ತಾಸಿನ ನಂತರ ಆ ನೆಲದೊಳಗಿಂದ ತೆಗೆದದ್ದನ್ನು ನೋಡಿ ಗದರಿದವರೇ ಬಂದು ನೂರಿಯ ತಲೆ ಸವರಿದ್ದರು. ತಾನು ನಿವೃತ್ತನಾದ ಮೇಲೆ ಅವಳ ನಿವೃತ್ತಿಗೆಂದು ಅವನು ಒಂದು ವರ್ಷ ಕಾದ. ಅರ್ಜಿ ಬರೆದು, ಹೋಗಿ, ರೈಲಿನಲ್ಲಿ ಉದಗೀರಕ್ಕೂ ಅಲ್ಲಿಂದ ನಿಲಂಗಾ ಹಾದು ಟೆಂಪೊದಲ್ಲಿ ತುರೋರಿ ಹತ್ತಿರದ, ಹೊಲಗಳ ನಡುವಿನ ತನ್ನ ವಸ್ತಿಗೂ ಅವಳನ್ನು ಕರೆತಂದ.

ಆದರೆ ಕುರುಬರ ವಸ್ತಿಯಲ್ಲಿ ಕೂತ ನಾಯಿಗೆ ಮರ್ಯಾದೆಯಿಲ್ಲ. ಹಟ್ಟಿಯ ನಾಯಿ ಕುರಿಯ ಸುತ್ತ ಗಸ್ತು ತಿರುಗಬೇಕು, ಎಲೆ ಅಲುಗಿದರೂ ಬೊಗಳಬೇಕು. ಕೂಡುವ ನಾಯಿಯನ್ನು ಯಾರಿಗಾದರೂ ಕೊಟ್ಟು ಕಳಿಸುತ್ತಾರೆ. ನಾಗನಾಥನ ಅಣ್ಣ ಅಂಬಾದಾಸ ಮೊದಲ ದಿನವೇ ತೀರ್ಪು ಹೇಳಿಬಿಟ್ಟಿದ್ದ: "ಕುಂತ ನಾಯಿ ಕುರಿ ಕಾಯೂದಿಲ್ಲ ತಮ್ಮಾ. ಸರಕಾರ ನಿನಗ ಮುದಿ ನಾಯಿ ಕಟ್ಟಿ ಕಳಿಸೇದ."

ಅಣ್ಣನ ಮಾತಿಗೆ ಪುರಾವೆಗಳೂ ಒದಗುತ್ತ ಹೋದವು. ಉಮರಗಾ ಪೇಟೆಯಲ್ಲಿ ವಿಶ್ವನಾಥಪ್ಪನವರ ಗೊಬ್ಬರದ ಅಂಗಡಿಗೆ ಅಣ್ಣತಮ್ಮ ಇಬ್ಬರೂ ಹೋದಾಗ ನೂರಿ ಒಂದು ಚೀಲದ ಮುಂದೆ ಕೂತುಬಿಟ್ಟಳು.

"ಏನ್ರಿ ಫೌಜಿಸಾಬ, ನಿಮ್ಮ ನಾಯಿ ನಮ್ಮ ದುಕಾನದಾಗ ಧರಣಾ ಕುಂತದಲ್ಲರೀ! ಹಂಗ್ಯಾಕ, ಕುರ್ಚಿ ಹಾಕಸ್ಲೇನು?" ಎಂದು ವಿಶ್ವನಾಥಪ್ಪ ವಿಭೂತಿಯ ಹಣೆ ಅಲ್ಲಾಡಿಸಿ ನಕ್ಕರು. ಅಂಗಡಿಯ ಜನರೆಲ್ಲ ನಕ್ಕರು. ಕೆಲವು ಗೊಬ್ಬರದಲ್ಲಿ ಮದ್ದಿಗೆ ಬಳಸುವ ಉಪ್ಪೇ ಇರುತ್ತದೆ, ನೂರಿಯ ಮೂಗು ತಪ್ಪಿಲ್ಲ ಎಂದು ನಾಗನಾಥ ಹೇಳಹೋದ. ಯಾರು ಕೇಳಬೇಕು? ಸಂಜೆಯ ಹೊತ್ತಿಗೆ ವಸ್ತಿಯೆಲ್ಲ ಅಂಬಾದಾಸ ಆ ಕಥೆ ಹಬ್ಬಿಸಿಬಿಟ್ಟಿದ್ದ.

ನಾಗನಾಥನ ತಲೆಯಲ್ಲಿ ಗೊಂದಲ ಹುಟ್ಟಿದ್ದು ಅಲ್ಲಿಂದ. ಗೊಬ್ಬರಕ್ಕೂ ಕೂಡುತ್ತಾಳೆ, ದೇವರ ಮುಂದೂ ಕೂಡುತ್ತಾಳೆ, ರೊಟ್ಟಿಯನ್ನೂ ತಿನ್ನುತ್ತಾಳೆ. ಹಾಗಾದರೆ ಈಗ ಅವಳು ಕೂತರೆ ಅದು ಮದ್ದೋ ರೊಟ್ಟಿಯೋ? ಎಂಟು ವರ್ಷ ಅವಳ ಕಿವಿ ಅಲುಗಿದರೆ ಅರ್ಥ ತಿಳಿಯುತ್ತಿದ್ದವನಿಗೆ ಈಗ ಅವಳು ಯಾವುದೋ ಬೇರೆ ಭಾಷೆ ಕಲಿತುಬಿಟ್ಟಂತೆ ಅನಿಸುತ್ತಿತ್ತು. ಅವ್ವನ ರೊಟ್ಟಿ ಎಲ್ಲ ಕೆಡಿಸಿತು ಎಂದುಕೊಂಡ. ಮರುಕ್ಷಣ, ಪಾಪ, ಅವಳಿಗೂ ವಯಸ್ಸಾಯಿತಲ್ಲ ಎಂದುಕೊಂಡ.

ಒಂದು ಮಧ್ಯಾಹ್ನ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋದ. ಅಂಬಾದಾಸನ ಎರಡೆಕರೆ ಗೋವಿನಜೋಳ ತೆನೆ ಕಟ್ಟಿ ನಿಂತಿತ್ತು. ಅದರ ಆಚೆ ನೆರೆಯ ಜಗದೇವಿಯ ತುಂಡು ಹೊಲ. ನಡುವೆ ಹುಲ್ಲು ಬೆಳೆದ ಬದು. ಆ ಬದುವಿನ ಮೇಲೆ ನಾಲ್ಕು ಹೆಜ್ಜೆ ಹೋಗಿ ನೂರಿ ನಿಂತಳು. ಮೂಗು ನೆಲಕ್ಕಿಳಿಯಿತು. ಕೂತಳು.

ನಾಗನಾಥ ಹಳೆಯ ಅಭ್ಯಾಸದಂತೆ ಇದ್ದಲ್ಲೇ ನಿಂತ. ಹಿಂದೆ ಕುಡುಗೋಲು ಹಿಡಿದು ಬರುತ್ತಿದ್ದ ಅಣ್ಣನನ್ನು ಕೇಳಿದ: "ಅಣ್ಣಾ, ಇಲ್ಲೇನರ ಇಟ್ಟೀಯೇನು?"

"ನಾ ಏನ ಇಡ್ಲಿ?" ಅಂಬಾದಾಸನ ಧ್ವನಿ ಬೇಕಾದದ್ದಕ್ಕಿಂತ ದೊಡ್ಡದಾಯಿತು. "ಮೊನ್ನಿ ಗೊಬ್ಬರದ ಚೀಲ ಅಲ್ಲೇ ಒಡದಿತ್ತು, ಚೆಲ್ಯಾದ. ಇಲ್ಲಾಂದ್ರ ರೊಟ್ಟಿ ಬೇಕಾಗಿರಬೇಕು ನಿನ್ನ ರಾಣಿಗಿ. ಎಬ್ಬಸು, ಎಬ್ಬಸು. ಅಣ್ಣನ ಮಾತಿನಮ್ಯಾಲ ನಂಬಗಿ ಇಲ್ಲ, ನಾಯಿಮ್ಯಾಲ ಅದ?"

ತಂದೆ ತೀರಿಕೊಂಡ ಮೇಲೆ ಹೊಲ, ಕುರಿ, ದೇವರ ಪೂಜೆ ಎಲ್ಲವನ್ನೂ ಹೊತ್ತವನು ಅಂಬಾದಾಸ. ತಮ್ಮ ಫೌಜಿಗೆ ಹೋಗಲೆಂದು ತಾನು ಶಾಲೆ ಬಿಟ್ಟವನು. ಅಂಥ ಅಣ್ಣನ ಬಾಯಿಂದ ಈ ಮಾತು ಬಂದಾಗ ನಾಗನಾಥ ಮುದುಡಿಹೋದ. ಗೊಬ್ಬರ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡು ಹಗ್ಗ ಎಳೆದ. ನೂರಿ ಏಳಲಿಲ್ಲ. ಇನ್ನೊಮ್ಮೆ ಎಳೆದು, "ನಹೀ, ನೂರಿ!" ಎಂದು ಗದರಿದ.

ಅವಳು ಎದ್ದಳು. ಎದ್ದು ಅವನ ಮುಖ ನೋಡಿದಳು. ಅವಳು ಕೂತದ್ದಕ್ಕೆ ಅವನು ಬೇಡ ಅಂದದ್ದು ಎಂಟು ವರ್ಷಗಳಲ್ಲಿ ಅದೇ ಮೊದಲು. ಮನೆಗೆ ಬರುವವರೆಗೂ ನಾಗನಾಥನಿಗೆ ಕಸಿವಿಸಿ. ತಿರುಗಿ ಹೋಗಿ ಬದು ನೋಡಿ ಬರಲೇ ಎಂದು ಎರಡು ಸಲ ನಿಂತ. ಹೋದರೆ ಅಣ್ಣನನ್ನು ಸುಳ್ಳುಗಾರ ಅಂದಂತೆ. ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬದುವಿನ ಕಡೆಯಿಂದ ಢಂ ಎಂದು ಸದ್ದಾಯಿತು.

ಜಗದೇವಿಯ ಹಸು ಗಂಗಿ ಬದುವಿನ ಹುಲ್ಲು ಮೇಯುತ್ತ, ಹುಲ್ಲೊಳಗಿದ್ದ ಉಂಡೆಯೊಂದನ್ನು ಕಚ್ಚಿತ್ತು. ಕಾಡುಹಂದಿ ಕೊಲ್ಲಲು ಜನ ಕದ್ದು ಇಡುವ ಮದ್ದಿನ ಉಂಡೆ ಅದು. ಈ ಕಡೆ ಅದಕ್ಕೆ ಡುಕ್ಕರ ಗುಂಡು ಅನ್ನುತ್ತಾರೆ. ಮೇಲೆ ಹಂದಿ ಬಯಸುವ ಸಿಹಿ, ಒಳಗೆ ಸಾವು. ಹಸು ಬದುಕಿತ್ತು, ಆದರೆ ಕೆಳದವಡೆ ಇರಲಿಲ್ಲ. ಉಮರಗಾದಿಂದ ಬಂದ ದನದ ಡಾಕ್ಟರು ನೋಡಿ, ತಲೆ ಆಡಿಸಿ, ನೋವು ತಿಳಿಯದಂತೆ ಸೂಜಿ ಹಾಕಿದರು. ಹೊತ್ತೇರುವಷ್ಟರಲ್ಲಿ ಗಂಗಿ ಸತ್ತಿತು.

ವಸ್ತಿಯ ಜನ ಸೇರಿದರು. ಯಾರೂ ಕೇಳುವ ಮೊದಲೇ ಅಂಬಾದಾಸ, "ನಿಲಂಗಾ ಕಡೀ ಡುಕ್ಕರ ಹೊಡಿಯೋರು ಇಟ್ಟಿರಬೇಕು. ನಮ್ಮವರು ಯಾರೂ ಇಡೂದಿಲ್ಲ," ಎಂದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕುಂಬಳಕಾಯಿ ಎಂದು ಇನ್ನೂ ಯಾರೂ ಅಂದಿರಲಿಲ್ಲ.

ಜಗದೇವಿ ಅಳಲಿಲ್ಲ. ಗಂಡನಿಲ್ಲದ ಹೆಂಗಸು, ಆ ಹಸುವಿನ ಹಾಲಿನ ಮೇಲೆ ಮನೆ ನಡೆಸುತ್ತಿದ್ದವಳು. ಅವಳು ನಾಗನಾಥನ ಎದುರು ಬಂದು ನಿಂತಳು.

"ನಾಗಣ್ಣಾ, ನಿನ್ನಿ ನಿನ್ನ ನಾಯಿ ಅಲ್ಲೇ ಕುಂತಿತ್ತು. ನಾ ಕಳೇ ತಗೀತಾ ನೋಡೀನಿ. ನೀ ಯಾಕ ಎಬ್ಬಿಸಿದಿ?"

ನಾಗನಾಥನಿಗೆ ನಾಚಿಕೆಯಾಯಿತು, ಆ ನಾಚಿಕೆಯೊಳಗೆ ಭಯವೂ ಇತ್ತು. ಒಂದು ಇಟ್ಟವರು ಒಂದೇ ಇಟ್ಟಿರುತ್ತಾರೆಯೇ? ಮಾಕಣಿಯ ಕಡೆ ಮೇಯಲು ಹೋಗಿದ್ದ ತಮ್ಮ ಅರವತ್ತು ಕುರಿಗಳನ್ನು ಹೊಡೆದುಕೊಂಡು ಚಿಕ್ಕಪ್ಪನ ಮಗ ಮಾಣಿಕಪ್ಪ ಅಂದೇ ಸಂಜೆ ಇದೇ ಬದುವಿನ ಮೇಲೆ ಬರುವವನಿದ್ದ. ಅವ್ವ ದಿನಾ ಹುಲ್ಲು ಕೊಯ್ಯುವುದೂ ಇಲ್ಲೇ.

ಯಾರೂ ಅತ್ತ ಹೋಗಬಾರದೆಂದು ಹೇಳಿ, ನೂರಿಗೆ ಉದ್ದ ಹಗ್ಗ ಕಟ್ಟಿ ಬದುವಿನ ತುದಿಗೆ ಬಂದ. ಹುಡುಕೆಂದು "ಢೂಂಡ್" ಅಂದ. ನೂರಿ ಅವನ ಕಾಲಿಗೆ ಒತ್ತಿಕೊಂಡು ನಡೆದಳು. ಒಂದು ಕಡೆ ನಿಂತಳು. ಮೂಗು ಅರಳಿತು, ಮುಂಗಾಲು ತಡವರಿಸಿತು. ಕೂಡಲಿಲ್ಲ. ಬಾಲ ಇಳಿಬಿಟ್ಟು ಅವನ ಮುಖ ನೋಡಿದಳು.

ಇಲ್ಲಿ ಏನಾದರೂ ಇದೆಯೋ ಇಲ್ಲವೋ? ಕೂಡಬೇಕೋ ಬೇಡವೋ ಎಂದು ಕೇಳುತ್ತಿದ್ದಾಳೋ, ಏನೂ ಇಲ್ಲ ಅನ್ನುತ್ತಿದ್ದಾಳೋ? ನಾಗನಾಥನಿಗೆ ತಿಳಿಯಲಿಲ್ಲ. ಮೂರು ಸಲ ಹಾಗೇ ಆಯಿತು. ಅವನು ಹಗ್ಗವನ್ನು ಇನ್ನಷ್ಟು ಬಿಗಿ ಹಿಡಿದ. ಹಗ್ಗ ಎರಡೂ ಕಡೆ ಮಾತಾಡುತ್ತದೆ, ನಿನ್ನ ಅನುಮಾನ ಅದರೊಳಗಿಂದಲೇ ಇಳಿದು ನಾಯಿಗೆ ಮುಟ್ಟುತ್ತದೆ ಎಂದು ಮೇರಠದ ಉಸ್ತಾದ ಹೇಳುತ್ತಿದ್ದರು. ನೂರಿಯ ಮೂಗು ಕೆಟ್ಟಿರಲಿಲ್ಲ. ಅವನ ಒಂದು "ನಹೀ" ಅವಳ ಬಾಯಿ ಕಟ್ಟಿತ್ತು.

ಮತ್ತೆ ಮೊದಲಿನಿಂದ ಶುರು ಮಾಡಬೇಕು ಎನಿಸಿತು. ಅವಳು ಅಂಜದೆ ಕೂಡುವ ಜಾಗ ಈಗ ಒಂದೇ ಉಳಿದಿತ್ತು, ದೇವರ ಮಾಡ. ಅಲ್ಲಿ ಕೂತಾಗ ಚೆಂಡು ಕೊಟ್ಟು ಧೈರ್ಯ ತುಂಬೋಣ ಎಂದು ಮನೆಗೆ ಕರೆತಂದ. ಅಂಬಾದಾಸ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ.

ನೂರಿ ಒಳಗೆ ಹೋದವಳೇ ಮಾಡದ ಮುಂದೆ ಕೂತಳು. ಅಭ್ಯಾಸದಂತೆ ಅಂಜನಾಬಾಯಿ ರೊಟ್ಟಿ ಮುರಿದಳು.

"ತಡಿ ಅವ್ವಾ, ಕೊಡಬ್ಯಾಡ. ರೊಟ್ಟಿ ಹಿಡಕೊಂಡು ಬಾಗಲದಾಗ ನಿಂದ್ರು."

"ಯಾಕೋ?"

"ನಿಂದ್ರಲಾ."

ತಾಯಿ ಬಾಗಿಲಿಗೆ ಹೋಗಿ ರೊಟ್ಟಿ ತೋರಿಸಿ, "ನೂರವ್ವಾ, ಬಾ ಬಾ," ಎಂದು ಕರೆದಳು. ನೂರಿಯ ಕಿವಿಯೂ ತಿರುಗಲಿಲ್ಲ. ಅವಳ ಮೂಗು ಡೊಳ್ಳಿನ ಕಡೆಗೆ ಕಡ್ಡಿ ನೆಟ್ಟ ಹಾಗೆ ನೆಟ್ಟಿತ್ತು.

ನಾಗನಾಥ ಆ ಮೂಗಿನ ನೇರಕ್ಕೆ ನೋಡಿದ. ರೊಟ್ಟಿಗಾಗಿ ಅಲ್ಲ. ಭಕ್ತಿಯೂ ಅಲ್ಲ. ಇಪ್ಪತ್ತು ದಿನದಿಂದ, ದಿನಕ್ಕೆ ಎರಡು ಸಲ, ಅವಳು ಒಂದೇ ಮಾತು ಹೇಳುತ್ತಿದ್ದಳು. ಮನೆಯವರೆಲ್ಲ ಕೂಡಿ ಅವಳ ಬಾಯಿಗೆ ರೊಟ್ಟಿ ತುರುಕಿ ಸುಮ್ಮನಾಗಿಸಿದ್ದರು. ಆ ಡೊಳ್ಳು ಸರಿಸುವವನು ಮನೆಯಲ್ಲಿ ಒಬ್ಬನೇ, ಪೂಜೆ ಮಾಡುವ ಹಿರಿಮಗ.

"ಅಣ್ಣಾ," ಎಂದ ನಾಗನಾಥ, ತಿರುಗದೆಯೇ. "ಡೊಳ್ಳಿನ ಹಿಂದ ಏನದ?"

ಅಂಬಾದಾಸ ಬಾಗಿಲಿಗೆ ಬಂದ. ಈ ಸಲ ಧ್ವನಿ ದೊಡ್ಡದಾಗಲಿಲ್ಲ.

"ಡಬ್ಬಿ ಅದ. ಏಳು ಉಳಿದಾವ."

"ಬೀರಪ್ಪನ ಬೆನ್ನಹಿಂದ?" ಅಂಜನಾಬಾಯಿಯ ಕೈಯಿಂದ ರೊಟ್ಟಿ ಬಿತ್ತು. "ನಾ ದಿನಾ ದೀಪಾ ಹಚ್ಚೂ ಜಾಗದಾಗೇನೋ?"

"ದೇವರ ಜಾಗಾ ಯಾರೂ ಮುಟ್ಟೂದಿಲ್ಲ ಅಂತ ಇಟ್ಟೆ ಅವ್ವಾ." ಆಮೇಲೆ ಅವನೊಳಗಿದ್ದದ್ದು ಉಕ್ಕಿ ಬಂತು. "ನಾ ಏನ ಮಾಡ್ಲಿ ಹೇಳ್ರಿ. ಹಿಂದಿನ ವರ್ಷ ಡುಕ್ಕರ ಒಂದ ಸಲಕ್ಕ ಅರ್ಧ ಎಕರೆ ಮುಗಿಸಿದವು. ಅರ್ಜ ಕೊಟ್ಟೆ. ಪಂಚನಾಮಾ ಮಾಡ್ಲಾಕ ಬರ್ತೀವಂದ್ರು, ಬರ್ಲೇ ಇಲ್ಲ. ಮಂಚಿಗಿ ಕಟ್ಟಿ ಕಾದೆ, ಡಬ್ಬಾ ಬಡದೆ. ಎಲ್ಲಾರೂ ಇಡ್ತಾರ, ನಾನೂ ಇಟ್ಟೆ. ನಾಗ್ಯಾ, ನೀ ಗಡಿ ಕಾಯ್ತಿದ್ದಿ, ನಿನಗ ದೇಶ ಸಲಾಮ ಹೊಡೀತು. ನಾ ಎರಡೆಕರೆ ಕಾಯ್ಲಾಕ ಹೋದ್ರ ಯಾರಿದ್ದಾರೋ ನನ್ನ ಹಿಂದ?"

ಅದು ಸುಳ್ಳಲ್ಲ ಎಂದು ನಾಗನಾಥನಿಗೆ ಗೊತ್ತಿತ್ತು. ಅದೇ ಅವನನ್ನು ಇನ್ನಷ್ಟು ಗೊಂದಲಕ್ಕೆ ದೂಡಿತು. ಅಣ್ಣನ ಮೇಲೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಎರಡರಲ್ಲಿ ಯಾವುದನ್ನು ನಂಬಬೇಕು? ಅವನು ನೂರಿಯನ್ನು ನೋಡಿದ. ಅವಳು ಇನ್ನೂ ಕೂತಿದ್ದಳು.

"ಹೊಲದಾಗ ಎಷ್ಟ ಇಟ್ಟೀದಿ?"

"ಐದು. ಒಂದು ಗಂಗಿ... ಎರಡು ಎಲ್ಲೆವ ಗೊತ್ತದ. ಎರಡು ಗೊತ್ತಿಲ್ಲೋ. ಮಳಿಯಾಗಿ ಗುರುತು ಹೋಗ್ಯಾವ."

"ಹಂಗಾದ್ರ ಇನ್ನ ಮುಂದ ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಈಕಿ ಹೇಳಿದ್ದು ಖರೆ." ನಾಗನಾಥ ಮೊಣಕಾಲೂರಿ ನೂರಿಯ ಕುತ್ತಿಗೆ ತಬ್ಬಿದ. "ಶಾಬಾಶ್," ಎಂದ. ಕಿಸೆಯಿಂದ ಕೆಂಪು ಚೆಂಡು ತೆಗೆದ. ನೂರಿ ಅದನ್ನು ಬಾಯಲ್ಲಿ ಕಚ್ಚಿ ಬಾಲ ಬೀಸಿದ ರಭಸಕ್ಕೆ ಭಂಡಾರದ ಬಟ್ಟಲು ಉರುಳಿ ನೆಲವೆಲ್ಲ ಹಳದಿಯಾಯಿತು. ಯಾರೂ ಬೈಯಲಿಲ್ಲ.

ಅವ್ವನನ್ನೂ ಅಣ್ಣನನ್ನೂ ಹೊರಗೆ ಕರೆದು, ಮನೆಗೆ ಬೀಗ ಹಾಕಿ, ನಾಗನಾಥ ಪೊಲೀಸರಿಗೆ ಫೋನ್ ಹಚ್ಚಿದ. ಇಟ್ಟವರು ಯಾರು ಎಂದು ಅತ್ತಲಿಂದ ಕೇಳಿದಾಗ ಅವನು ಅಣ್ಣನ ಕಡೆ ನೋಡಿದ. ಅಂಬಾದಾಸ ಕೈ ಚಾಚಿ ಫೋನ್ ಇಸಿದುಕೊಂಡು ತನ್ನ ಹೆಸರು, ತಂದೆಯ ಹೆಸರು, ವಸ್ತಿಯ ಹೆಸರು ಬಿಡಿಬಿಡಿಸಿ ಹೇಳಿದ. ಬಾಂಬು ತೆಗೆಯುವವರು ಜಿಲ್ಲೆಯಿಂದ ಬರಬೇಕು, ಸಂಜೆಯಾಗುತ್ತದೆ, ಅಲ್ಲಿಯವರೆಗೆ ಯಾರನ್ನೂ ಬಿಡಬೇಡಿ ಎಂದರು.

ಬದುವಿನಲ್ಲಿ ಈ ಸಲ ನಾಗನಾಥ ಹಗ್ಗವನ್ನು ಪೂರ್ತಿ ಸಡಿಲ ಬಿಟ್ಟ. ಮೊದಲು ತಡವರಿಸಿದ್ದ ಜಾಗಕ್ಕೆ ಬಂದು ನೂರಿ ನಿಂತಳು, ತಿರುಗಿ ನೋಡಿದಳು. ಅವನು ಏನೂ ಅನ್ನಲಿಲ್ಲ. ಕಾದ. ನೂರಿ ನಿಧಾನಕ್ಕೆ ಹಿಂಗಾಲು ಮಡಚಿದಳು. ಅರ್ಧ ಮಡಚಿ ಮತ್ತೊಮ್ಮೆ ನೋಡಿದಳು. ಆಮೇಲೆ ಕೂತಳು. "ಶಾಬಾಶ್!" ಎಂದು ಅವನು ಕೂಗಿದ್ದು ರಸ್ತೆಯವರೆಗೂ ಕೇಳಿಸಿತು. ಮಧ್ಯಾಹ್ನ ತಿರುಗುವಷ್ಟರಲ್ಲಿ ನಾಲ್ಕು ಕಡೆ ದೂರದಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿಯಾಗಿತ್ತು. ಗೊತ್ತಿಲ್ಲದ ಎರಡರಲ್ಲಿ ಒಂದು ಅಂಜನಾಬಾಯಿ ಮೊನ್ನೆ ಹುಲ್ಲು ಕೊಯ್ದಲ್ಲಿಂದ ಮೂರೇ ಹೆಜ್ಜೆ ಆಚೆ ಇತ್ತು.

ಹಾದಿ ಬದುವಿಗೆ ಕೂಡುವಲ್ಲಿ ಅಂಬಾದಾಸ ನೆಲದ ಮೇಲೆ ಕೂತ. ಪಕ್ಕದಲ್ಲಿ ನೂರಿ. ಬಂದವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ: "ಇತ್ತ ಬರಬ್ಯಾಡ್ರಿ, ಡುಕ್ಕರ ಗುಂಡು ಅವ. ನಾನೇ ಇಟ್ಟೀನಿ." ಒಬ್ಬಿಬ್ಬರು ಹೌಹಾರಿದರು. ತಾವೂ ಇಟ್ಟವರು ಒಬ್ಬಿಬ್ಬರು ಮಾತಾಡದೆ ಬೇಗ ಬೇಗ ತಮ್ಮ ಹೊಲದ ಕಡೆ ಹೋದರು. ಕುರಿ ಹೊಡೆದುಕೊಂಡು ಬಂದ ಮಾಣಿಕಪ್ಪನಿಗೂ ಅದನ್ನೇ ಹೇಳಿದ. ಅವನು ಬಾಯಿ ತೆರೆದು ನಿಂತು, ಆಮೇಲೆ ಮಂದೆಯನ್ನು ದೊಡ್ಡ ರಸ್ತೆಗೆ ತಿರುಗಿಸಿದ. ಅರವತ್ತು ಕುರಿ ಬಳಸಿಕೊಂಡು ಹೋದವು.

ಕೊನೆಗೆ ಜಗದೇವಿ ಬಂದಳು, ಕೈಯಲ್ಲಿ ನೀರಿನ ಚೆಂಬು. ಅಂಬಾದಾಸ ಅವಳಿಗೂ ಹೇಳಿದ. ಎಲ್ಲರಿಗೂ ಹೇಳಿದ ಮಾತನ್ನೇ ಹೇಳಿದ. ನಾಗನಾಥ ಸ್ವಲ್ಪ ದೂರದಲ್ಲಿ ನಿಂತಿದ್ದ.

ಜಗದೇವಿ ಅವನನ್ನು ನೋಡಿದಳು. ಆಮೇಲೆ ನಾಯಿಯನ್ನು ನೋಡಿದಳು.

"ಮುಂಜಾನಿಂದ ಬಿಸಲಾಗ ಅದ. ನೀರ ಕುಡಿಸೀದೇನು ಅದಕ?"

ಅಂಬಾದಾಸ ಇಲ್ಲವೆಂದು ತಲೆಯಾಡಿಸಿದ. ಅವಳು ಚೆಂಬು ಬಗ್ಗಿಸಿದಳು. ಅವನು ಎರಡೂ ಅಂಗೈ ಜೋಡಿಸಿ ನೀರು ಹಿಡಿದು ನೂರಿಯ ಮುಂದೆ ಚಾಚಿದ. ನೂರಿ ಆ ಕೈಯನ್ನು ಮೂಸಿ ಮುಖ ತಿರುಗಿಸಿದಳು.

"ಕುಡೀವಲ್ಲಳಲ್ಲೋ ನಾಗ್ಯಾ."

"ನಿನ್ನ ಕೈ ಆಕಿಗಿ ಗೊತ್ತಿಲ್ಲ. ಮಾತಾಡ್ಸು."

ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ಅಂಬಾದಾಸ ಅಂಗೈ ಬಿಗಿ ಮಾಡಿದ.

"ತಪ್ಪಾತವ್ವಾ," ಎಂದ.

ಅದನ್ನು ನೂರವ್ವನಿಗೆ ಅಂದನೋ ಜಗದೇವಿಗೆ ಅಂದನೋ ನಾಗನಾಥನಿಗೆ ತಿಳಿಯಲಿಲ್ಲ. ಅಣ್ಣನ ತಲೆ ತಗ್ಗಿತ್ತು. ನೂರಿ ಮುಂದೆ ಬಾಗಿ ಅಂಗೈಯಲ್ಲಿ ಉಳಿದಿದ್ದ ನೀರನ್ನು ನೆಕ್ಕಿದಳು. ನೀರು ಮುಗಿಯಿತು. ಕೈ ಚಾಚಿದವನು ಚಾಚಿಯೇ ಇದ್ದ. ಜಗದೇವಿ ಒಂದು ಹೆಜ್ಜೆ ಹತ್ತಿರ ಬಂದು, ಆ ಕೈಗೆ ಇನ್ನೊಮ್ಮೆ ಚೆಂಬು ಬಗ್ಗಿಸಿದಳು.